ಹಾವೇರಿಗೆ ಹೋದ ಅಳತೆ ರಟ್ಟು

ಒಂದೇ ಮಳೆಗೆ ಕಾಮಾಕ್ಷಿಪಾಳ್ಯದ ಮಹಿಳಾ ಸಂಘದ ಹೊಲಿಗೆ ಶೆಡ್ಡಿಗೆ ಮೊಣಕಾಲುದ್ದ ನೀರು ನುಗ್ಗಿತು. ಬಟ್ಟೆ ಅಟ್ಟದ ಮೇಲಿತ್ತು, ಉಳಿಯಿತು. ಹನ್ನೆರಡೂ ಮಿಷಿನ್ನುಗಳ ಮೋಟಾರು ಕೆಟ್ಟು ಕೂತವು. ರಿಪೇರಿಗೆ ವಾರ ಬೇಕಂತೆ. ಶಾಲೆ ಶುರುವಾಗಲು ಒಂಬತ್ತೇ ದಿನ, ಹೊಲಿಯಬೇಕಾದ ಯೂನಿಫಾರಂ ಮುನ್ನೂರು. ಹೊತ್ತಿಗೆ ಕೊಡದಿದ್ದರೆ ಆರ್ಡರು ಕೈತಪ್ಪುತ್ತದೆ. ಹನ್ನೆರಡು ಮನೆಗಳಿಗೆ ಅದೇ ಆಧಾರ.

ಸಂಘದ ಅಧ್ಯಕ್ಷೆ ಗಿರಿಜಾದೇವಿ ಮಾತ್ರ ಧೈರ್ಯವಾಗಿದ್ದರು. “ಹಿಂದಿನ ಬೀದೀಲಿ ಜ್ಯೋತಿಲಕ್ಷ್ಮಿ ಯೂನಿಟ್ ಇದೆಯಲ್ಲ? ಕಷ್ಟ ಬಂದ್ರೆ ಒಬ್ಬರಿಗೊಬ್ಬರು ಹೊಲಿದುಕೊಡೋದು ಅಂತ ಮಾತಾಗಿದೆ ಕಣ್ರೇ,” ಎಂದು ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಟರು. ಹೋಗಿ ನೋಡಿದರೆ ಜ್ಯೋತಿಲಕ್ಷ್ಮಿಯೂ ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತಿದ್ದಾಳೆ! ಮಳೆಗೆ ಇವರ ಬೀದಿ, ಅವರ ಬೀದಿ ಅಂತ ಇದೆಯೇ?

ಪೆಚ್ಚು ಮುಖ ಹಾಕಿಕೊಂಡು ಮರಳಿದವರಿಗೆ, ಹಾವೇರಿಯಿಂದ ಬಂದು ಇಲ್ಲೇ ಹೊಲಿಯುವ ಶಂಕ್ರವ್ವ ಹೇಳಿದಳು: “ಅಕ್ಕಾರ, ಹಾವೇರ್‍ಯಾಗ ನಮ್ಮ ಚಿಗವ್ವನ ಸಂಘ ಐತ್ರಿ. ಹತ್ತು ಮಿಷಿನ್ ಅದಾವು. ಬಟ್ಟಿ, ಅಳತಿ ರಟ್ಟು ಇವತ್ತ ಬಸ್ಸಿಗೆ ಹಾಕೂಣ್ರಿ.”

“ರಟ್ಟಾ?” ಎಂದರು ಗಿರಿಜಾದೇವಿ. ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಯೂನಿಫಾರಂ ಕತ್ತರಿಸಲು ಬಳಸುವ ಆ ಅಳತೆಯ ರಟ್ಟುಗಳನ್ನು ಅವರು ಬಾಗಿಲು ದಾಟಿಸಿದವರೇ ಅಲ್ಲ. “ಅದನ್ನ ಕೊಟ್ಮೇಲೆ ನಮ್ಮತ್ರ ಇನ್ನೇನಿದೆ? ಮುಂದಿನ ವರ್ಷ ಆರ್ಡರ್ ಅವರೇ ಹೊಡ್ಕೊಂಡ್ರೆ?”

“ಈ ವರ್ಷದ್ದ ಹೊಂಟೈತಲ್ರಿ! ಬಾಜೂದವರು ಬೇಕ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ನಾವು ತೊಯ್ದಾಗ ಅವರೂ ತೊಯ್ದಿರ್ತಾರ. ಅದಕ್ಕ ದೂರದ ಊರಾಗೂ ನಮ್ಮವರು ಇರಬೇಕ್ರಿ.”

ಗಿರಿಜಾದೇವಿ ಒಲ್ಲದ ಮನಸ್ಸಿನಿಂದಲೇ ರಟ್ಟು ಕಟ್ಟಿಕೊಟ್ಟರು.

ಏಳನೇ ದಿನ ಪಾರ್ಸಲ್ ಬಂತು. ಮುನ್ನೂರಕ್ಕೆ ಮುನ್ನೂರು, ಹೊಲಿಗೆಯೂ ಅಚ್ಚುಕಟ್ಟು. ರಟ್ಟುಗಳೂ ವಾಪಸ್ ಬಂದಿದ್ದವು. ಕೆಳಗೆ ಇನ್ನೊಂದು ಕಟ್ಟು: ಹಾವೇರಿಯವರ ಸ್ವಂತ ಅಳತೆ ರಟ್ಟುಗಳು. ಫೋನ್ ಮಾಡಿದರೆ ಶಂಕ್ರವ್ವನ ಆ ಚಿಕ್ಕಮ್ಮ ಅಂದಳು, “ನಿಮ್ಮಲ್ಲೇ ಇರ್ಲಿ ಬಿಡ್ರಿ. ನಾಳೆ ನಮ್ಮ ಕಡೆ ಹೊಳಿ ಉಕ್ಕಿ ಬಂದ್ರ ನಮಗ ಹೊಲಿಯೋರು ಯಾರು?”

ಇವರನ್ನೇ ಅಲ್ಲವೇ ತಾನು ಕಳ್ಳರೆಂದುಕೊಂಡದ್ದು! ಗಿರಿಜಾದೇವಿಗೆ ನಾಚಿಕೆಯಾಯಿತು. “ಹಗಲೂ ರಾತ್ರಿ ಕೂತು ಹೊಲಿದುಕೊಡ್ತೀವಿ ಕಣಮ್ಮ,” ಎಂದವರೇ, ತಮ್ಮ ರಟ್ಟುಗಳ ಇನ್ನೊಂದು ಜೊತೆ ಕತ್ತರಿಸಿ ಹಾವೇರಿ ಬಸ್ಸಿಗೆ ಹಾಕಿಸಿದರು.

ಅಕ್ಕಂದಿರೇ, ನಿಮ್ಮ ಸಂಘ ಹೊಲಿಗೆಯದಿರಲಿ, ಹಪ್ಪಳದ್ದಿರಲಿ, ಬೇರೆ ಊರಿನ ಒಂದು ಸಂಘದ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ. ನಿಮ್ಮ ಅಳತೆ, ಫೋನ್ ನಂಬರು ಅವರಲ್ಲಿರಲಿ, ಅವರದು ನಿಮ್ಮಲ್ಲಿರಲಿ. ಅವರ ಕಷ್ಟಕ್ಕೆ ಮೊದಲು ನೀವು ಹೋಗಿ. ನೀರು ಹೊಸ್ತಿಲಿಗೆ ಬಂದ ಮೇಲೆ ನೆಂಟರನ್ನು ಹುಡುಕಿದರೆ ಯಾರು ಸಿಗುತ್ತಾರೆ?