ಮೂಗಿನ ಮುಂದಿನ ಎಳೆ

ಮೂಗಿನ ಕೆಳಗೆ ಏನೋ ಕಚಗುಳಿಯಿಟ್ಟಿತು, ನೊಣವಲ್ಲ, ನೊಣದ ಕಾಲು ಇಷ್ಟು ಮೆತ್ತಗಿರುವುದಿಲ್ಲ — ಹತ್ತಿ, ಅದೂ ತನ್ನ ಅಂಗಡಿಯದೇ, ಉದ್ದ ಎಳೆಯದು, ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿ ಎಳೆದೆಳೆದು ನೋಡಿಯೇ ತಲೆ ನೆರೆತ ದಲಾಲಿ ಅಂಗಡಿಯ ನಿಜಗುಣಪ್ಪನಿಗೆ ಇಷ್ಟೂ ಗುರುತು ಸಿಗುವುದಿಲ್ಲವೇ, ಕಣ್ಣು ತೆರೆಯಬಾರದು, ಇವತ್ತು ಮಲಗಿದಂತೆ ನಟಿಸಿ ಹೆಂಡತಿಯ ಕೈ ಹಿಡಿಯಲೇಬೇಕು, ಮೊನ್ನೆ ಊಟವಾಗಿ ಅಡ್ಡಾದಾಗಲೂ ಥಟ್ಟನೆ ಎಚ್ಚರಾಗಿ ಕಂಡದ್ದು ಇದೇ, ಅನ್ನಪೂರ್ಣಾಳ ಎರಡು ಬೆರಳು, ನಡುವೆ ಒಂದೆಳೆ ಹತ್ತಿ. ಏನದು ಎಂದರೆ, ಏನಿಲ್ಲರಿ, ಮಕ್ಕೋರಿ ಅಂದಳು, ಎಳೆಯನ್ನು ಸೆರಗಿನೊಳಗೆ ಮುಚ್ಚಿದಳು. ಏನಿಲ್ಲವಂತೆ! ಹತ್ತಿಯ ಎಳೆ ಯಾರ ಮೂಗಿಗೆ ಹಿಡಿಯುತ್ತಾರೆಂದು ಅವನಿಗೆ ಗೊತ್ತಿಲ್ಲವೇ, ಅಪ್ಪ ಹೋದ ಬೆಳಿಗ್ಗೆ ಸೋದರತ್ತೆ ರಾಚವ್ವ ಹಿಡಿದಿದ್ದಳು, ಬಾಗಿ ನೋಡಿದಳು, ಎಳೆ ಅಲುಗಲಿಲ್ಲ, ಮನೆಯೆಲ್ಲ ಹೋ ಎಂದಿತು. ಪುಣ್ಯವಂತ, ನಿದ್ದ್ಯಾಗ ಹ್ವಾದ ಅಂದರು ಬಂದವರು. ಪುಣ್ಯವಂತನೇ ಸರಿ, ಅವನ ಗೊರಕೆ ಓಣಿಯ ತುದಿಗೆ ಕೇಳುತ್ತಿತ್ತು, ಬೇಸತ್ತು ಅವ್ವ ಒಳಕೋಣೆಗೆ ಹೋಗಿ ಮಲಗುತ್ತಿದ್ದಳು, ಮಗನಿಗೂ ಅದೇ ವರ, ಹರಾಜಿನ ಸವಾಲಿನ ಕೂಗಿನ ನಡುವೆ ತೂಕಡಿಸಿದರೆ ಖರೀದಿದಾರರು ನಗುತ್ತಾರೆ, ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.

ಚಿಂತೆ ಇಲ್ಲವೆಂದು ಯಾರು ಹೇಳಿದರು, ಗುಳಿಗೆ ನುಂಗಿ ನುಂಗಿಯೂ ಬಿ.ಪಿ. ಇಳಿಯದು, ಕಾಲು ಬಾತಿದೆ, ಎದೆ ಒಮ್ಮೊಮ್ಮೆ ಬಡಿತ ತಪ್ಪುತ್ತದೆ. ಬೆಳಗಾವಿಯ ಎದೆ ಡಾಕ್ಟರು ಕೇಳಿದ್ದೇನು, ಗೊರಕಿ ಹೊಡಿತೀರೇನ್ರಿ ಯಜಮಾನ್ರ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನು ಬಾಯಿ ತೆರೆಯುವ ಮೊದಲೇ ಅನ್ನಪೂರ್ಣಾ, ಹೊಡಿತಾರ್ರಿ, ನಡುವ ಉಸಿರು ನಿಂದರತೈತ್ರಿ ಅಂದಳು, ಇಬ್ಬರೂ ಮುಖ ಮುಖ ನೋಡಿಕೊಂಡರು — ಮೊದಲೇ ಮಾತಾಡಿಕೊಂಡವರಂತೆ. ಹಂಗ ನಿಂತಾಗೆಲ್ಲಾ ಎದಿಗೆ ಪೆಟ್ಟು ಬೀಳತೈತ್ರಿ, ಸೋಮವಾರ ಬಂದು ಇಲ್ಲೇ ಮಕ್ಕೋರಿ, ವೈರ್ ಹಚ್ಚಿ ನೋಡೋಣು, ಆಮ್ಯಾಲ ಮೂಗಿಗೆ ಗಾಳಿ ಮಷೀನ್ ಅಂದರು ಡಾಕ್ಟರು. ಹೊರಗೆ ಅವಳ ತಮ್ಮ ಸಿದ್ಧಾರೂಢ, ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಲಾರಿಯ ಕೆಲಸ ಬಿಟ್ಟು ಬಂದವನು, ಹೊಸ ಮೊಬೈಲು ತಿರುವುತ್ತ, ಮಾವ, ನೀವು ಆರಾಮ ಮಾಡ್ರಿ, ಅಂಗಡಿ ನಾ ನೋಡಕೊಂತೇನಿ. ನೋಡಿಕೊಳ್ಳುತ್ತಾನೆ, ಯಾಕೆ ನೋಡಿಕೊಳ್ಳುವುದಿಲ್ಲ! ಒಬ್ಬಳು ಎಳೆ ಹಿಡಿದು ಕಾಯುವುದು, ಒಬ್ಬ ಅಂಗಡಿಯ ಗಾದಿ ಮೇಲೆ ಕೂರಲು ಕಾಯುವುದು. ಸೋಮವಾರ ಹೋಗುವುದೇ ಇಲ್ಲ. ಈಗ ಉಸಿರು ಬಿಗಿಹಿಡಿದು ನೋಡೋಣ, ಸತ್ತೆನೆಂದು ತಿಳಿದರೆ ಇವಳು ಮೊದಲು ಅಳುತ್ತಾಳೋ, ತಮ್ಮನಿಗೆ ಫೋನು ಮಾಡುತ್ತಾಳೋ, ಕಣ್ಣು ಕಿರಿದು ಮಾಡಿ ನೋಡಿದ, ಬಿಸಿಲು ಇನ್ನೂ ಹೊಸ್ತಿಲ ಮೇಲಿದೆ, ಉಸಿರು ಹಿಡಿದ — ಸವಾಲು ಕೂಗುತ್ತಿದ್ದಾರೆ, ಯಾರ ಹತ್ತಿ ಇದು, ಅಪ್ಪ ಗಾದಿ ಮೇಲೆ ಕೂತಿದ್ದಾನೆ, ಸತ್ತವನು ಹೇಗೆ ಕೂತ, ಹಮಾಲರು ಎದೆಯ ಮೇಲೆ ಹತ್ತಿ ತುಂಬಿದ ಅಂಡಿಗೆ ಇಳಿಸುತ್ತಿದ್ದಾರೆ, ಇನ್ನೊಂದು, ಮತ್ತೊಂದು, ಸಾಕೋ, ಬಾಯೊಳಗೂ ಹತ್ತಿ —

ಏಳ್ರೀ! ಉಸಿರು ಬಿಡ್ರಿ, ನಮ್ಮಪ್ಪಾ, ಉಸಿರು ಬಿಡ್ರಿ! ಭುಜ ಹಿಡಿದು ಜಗ್ಗುತ್ತಿದ್ದಾಳೆ, ಗಂಟಲು ಹರಿದಂತೆ ಗಾಳಿ ಒಳನುಗ್ಗಿತು, ಎದೆ ಡವಡವ, ಅವಳ ಮುಂಗೈ ಹಿಡಿದ, ಸಿಕ್ಕಿಬಿದ್ದಿ ನೋಡು, ನಾ ಬೇಕಂತನ ಉಸಿರು ಹಿಡಿದಿದ್ದೆ. ಅವಳ ಕಣ್ಣಲ್ಲಿ ನೀರು. ಬೇಕಂತನ? ಆಗಿಂದ ಗೊರಕಿ ಹೊಡ್ಯಾಕತ್ತೀರಿ, ನಿಂತು ನಿಂತು ಬರಾಕತ್ತೈತಿ, ಎಳಿ ಹಿಡದು ನೋಡಿ ದಿನಾ ಹಿಂಗ ಎಬ್ಬಸ್ತೇನ್ರಿ, ಮಾವನ್ನ, ನಿಮ್ಮಪ್ಪನ್ನ, ಎಬ್ಬಸಾಕ ಯಾರೂ ಇರಲಿಲ್ಲ. ಸುಳ್ಳು, ಮಲಗೇ ಇರಲಿಲ್ಲ ಅವನು, ಬಿಸಿಲು ನೋಡು, ಹೊಸ್ತಿಲ — ಹೊಸ್ತಿಲ ಮೇಲಿಲ್ಲ, ಬಿಸಿಲು ಮಂಚದ ಕಾಲಿಗೆ ಬಂದಿದೆ, ದಿಂಬು ಜೊಲ್ಲಿನಿಂದ ಒದ್ದೆಯಾಗಿದೆ, ಹಾಗಾದರೆ ಉಸಿರು ಹಿಡಿದವರು ಯಾರು, ಅವನಂತೂ ಅಲ್ಲ. ಹೆದರಿಕೆಯಾಯಿತು, ಬಾಳಿನಲ್ಲಿ ಇಂಥ ಹೆದರಿಕೆ ಆಗಿರಲಿಲ್ಲ, ಹಿಡಿದ ಮುಂಗೈ ಬಿಡಲಾಗಲಿಲ್ಲ, ಸೋಮವಾರ ಯಾವ ಬಸ್ಸಿಗಿ ಹೋಗೂದು ಎಂದು ಕೇಳಿದ, ಅವಳೇನೋ ಹೇಳಿದಳು, ಕೇಳಿಸಲಿಲ್ಲ, ಅವಳ ಬೆರಳ ನಡುವೆ ಆ ಎಳೆ, ಅಪ್ಪನ ಮೂಗಿನ ಮುಂದೆ ಆ ಎಳೆ, ರಾಚವ್ವ ಬಾಗಿ ನೋಡುತ್ತಾಳೆ, ಅವ್ವ ಒಳಕೋಣೆಯಲ್ಲಿ, ಯಾರಾದರೂ ಒಂದು ಸಲ ಅಪ್ಪನ ಭುಜ ಹಿಡಿದು ಜಗ್ಗಿದ್ದರೆ — ಎಳೆ ಅಲುಗುವುದಿಲ್ಲ, ಎಳೆ ಅಲುಗುವುದಿಲ್ಲ.