ನಲವತ್ತಮೂರನೆಯ ಚೀಟಿ

"ಈ ಬಟ್ಟೆ ಬಣ್ಣ ಬಿಡುತ್ತೆ," ಎಂದು ದೊಡ್ಡ ಮೇಷ್ಟ್ರು ಗಟ್ಟಿಯಾಗಿ ಓದಿ ಚೀಟಿಯನ್ನು ಎಡಕ್ಕೆ ಸರಿಸಿದರು. "ಹೇಳಿದವರು, ಲಾಂಡ್ರಿಯವರು. ಸರಿ. ಮುಂದಿನದು, ಮೂಗು ಸೋರ್ತಾ ಇದೆ. ಹೇಳಿದವರು, ಕಾಂಪೌಂಡರ್. ಇದೂ ಸರಿ."

ಎದುರಿನ ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಚೀಟಿಯಕ್ಕ ಉಳಿದ ಚೀಟಿಗಳನ್ನು ಕಣ್ಣಲ್ಲೇ ಎಣಿಸಿದಳು. ಇಂಗ್ಲಿಷ್-ಕನ್ನಡ ನಿಘಂಟಿನ ಆ ಕಚೇರಿಯಲ್ಲಿ ಹನ್ನೆರಡು ವರ್ಷಗಳಿಂದ ಚೀಟಿಗಳನ್ನು ಅಕ್ಷರಗಳ ಪ್ರಕಾರ ಜೋಡಿಸಿ ಬೀರುವಿನಲ್ಲಿಡುವ ಕೆಲಸ ಅವಳದು. ಸಹಾಯಕ ಸಂಪಾದಕರ ಜಾಗ ಖಾಲಿಯಾದಾಗ ಅರ್ಜಿ ಹಾಕಿದಳು. ಹತ್ತನೆಯ ಕ್ಲಾಸಿಗೇ ಓದು ನಿಲ್ಲಿಸಿದವಳಿಗೆ ಇದೆಲ್ಲ ಯಾಕೆ ಎಂದು ನಕ್ಕವರುಂಟು. ಸಂಪಾದಕರಾದ ದೊಡ್ಡ ಮೇಷ್ಟ್ರು ಮಾತ್ರ ನಗದೆ, 'ರನ್' ಎಂಬ ಪದವನ್ನು ಅವಳ ಮಡಿಲಿಗೆ ಹಾಕಿ, ಎರಡು ವಾರದಲ್ಲಿ ಮುಗಿಸಿದರೆ ಜಾಗ ನಿಮ್ಮದು ಎಂದರು. ಅದಕ್ಕಿಂತ ನಕ್ಕುಬಿಟ್ಟಿದ್ದರೇ ವಾಸಿಯಿತ್ತು.

ಇಂಗ್ಲಿಷಿನಲ್ಲಿ ಮೂರೇ ಅಕ್ಷರ. ನೋಡಲು ಇರುವೆ, ಹೊಟ್ಟೆಯಲ್ಲಿ ಆನೆ. ಅವಳಿಗಿಂತ ಮೊದಲು ಅದಕ್ಕೆ ಕೈಹಾಕಿದ ಇಬ್ಬರು ಪದವೀಧರರಲ್ಲಿ ಒಬ್ಬರು ಬೇರೆ ಅಕ್ಷರ ಕೇಳಿ ಪಡೆದರು, ಇನ್ನೊಬ್ಬರು ಪದದ ಮೊದಲ ಅರ್ಥವನ್ನು ಪಾಲಿಸಿ ಕೆಲಸ ಬಿಟ್ಟೇ ಹೋದರು. ಇಂಗ್ಲಿಷಿನಲ್ಲಿ ನದಿ, ಬಣ್ಣ, ಮೂಗು, ಅಂಗಡಿ ಎಲ್ಲವೂ ಓಡುತ್ತವೆ. ಕನ್ನಡದಲ್ಲಿ ನದಿ ಹರಿಯುತ್ತದೆ, ಬಣ್ಣ ಬಿಡುತ್ತದೆ, ಮೂಗು ಸೋರುತ್ತದೆ, ಅಂಗಡಿ ನಡೆಯುತ್ತದೆ. ಅವರ ಭಾಷೆಯಲ್ಲಿ ಚುನಾವಣೆಗೆ ಓಡುವವರು ನಮ್ಮ ಭಾಷೆಯಲ್ಲಿ ನಿಲ್ಲುತ್ತಾರೆ. ಗೆದ್ದಮೇಲೆ ಎರಡೂ ಕಡೆ ಕೂತುಬಿಡುತ್ತಾರೆ.

ಹಳೆಯ ನಿಘಂಟು ನೋಡಿ ಬರೆದುಬಿಡೋಣವೆಂದರೆ ಆ ಕಚೇರಿಯ ಪದ್ಧತಿಯೇ ಬೇರೆ. ಪ್ರತಿ ಅರ್ಥಕ್ಕೂ ಒಂದು ಚೀಟಿ ಬೇಕು. ಚೀಟಿಯಲ್ಲಿ ಯಾರದೋ ಬಾಯಿಂದ ಕೇಳಿದ ಒಂದು ವಾಕ್ಯ, ಕೆಳಗೆ ಹೇಳಿದವರ ಕಸುಬು, ತಾರೀಕು. ಕಚೇರಿಯವರ ಸ್ವಂತ ವಾಕ್ಯ ನಡೆಯುವುದಿಲ್ಲ, ಹೇಳುವವರ ಬಾಯಿಗೆ ಪದ ತುರುಕುವಂತೆಯೂ ಇಲ್ಲ. ಹಾಗಾಗಿ ಚೀಟಿಯಕ್ಕ ಎರಡು ವಾರ ಬಸ್ ಡಿಪೋ, ಪ್ರೆಸ್ಸು, ದರ್ಜಿ ಅಂಗಡಿ, ಆಸ್ಪತ್ರೆ ಎಂದು ಅಲೆದಳು. ಹಿಡಿದ ಕೆಲಸ ಬಿಡುವ ಪೈಕಿ ಅವಳಲ್ಲ. ಡಿಪೋದ ಮೆಕ್ಯಾನಿಕ್ ಮೂರನೆಯ ದಿನ, "ಏನಮ್ಮಾ, ಇವತ್ತು ಯಾವ ಮಾತು ಕದಿಯೋಕೆ ಬಂದ್ರಿ?" ಎಂದು ಸ್ಟೂಲು ಒರೆಸಿ ಕೊಟ್ಟಿದ್ದ.

ಮೇಷ್ಟ್ರು ಕೊನೆಯ, ನಲವತ್ತಮೂರನೆಯ ಚೀಟಿ ಎತ್ತಿಕೊಂಡರು. ಸಂಸಾರ ನಡೆಸುವುದಕ್ಕೂ ಇಂಗ್ಲಿಷಿನವರು 'ರನ್' ಎನ್ನುತ್ತಾರೆ, ಆ ಅರ್ಥದ ಚೀಟಿ ಅದು. ಓದಿದರು, ಕನ್ನಡಕ ತೆಗೆದರು, ಒರೆಸಿಕೊಂಡು ಇನ್ನೊಮ್ಮೆ ಓದಿದರು.

"'ಅವರು ಹೋದಮೇಲೆ ಒಂಬತ್ತು ವರ್ಷ ಒಬ್ಬಳೇ ಈ ಸಂಸಾರ ತೂಗಿಸಿದೀನಿ.' ಹೇಳಿದವರು, ದರ್ಜಿ." ಅವರ ಮುಖ ಅರಳಿತು. "ಹಳೇ ನಿಘಂಟಲ್ಲಿ ಏನಿದೆ ನೋಡಿ, ನಿರ್ವಹಿಸು. ಯಾವ ಹೆಂಗಸು ನಿರ್ವಹಿಸ್ತೀನಿ ಅಂತಾಳೆ? ನಲವತ್ತಮೂರರಲ್ಲಿ ಇದೇ ಚೆನ್ನಾಗಿರೋದು. ಯಾವ ದರ್ಜಿ ಇವರು?"

ಚೀಟಿಯಕ್ಕನಿಗೆ ಅಂಥ ದರ್ಜಿ ಯಾರೂ ಸಿಕ್ಕಿರಲಿಲ್ಲ. ಹನ್ನೊಂದು ಜನರನ್ನು ಕೇಳಿ, ಹನ್ನೊಂದು ಜನರೂ "ಹೇಗೋ ಮ್ಯಾನೇಜ್ ಮಾಡ್ತೀವಿ" ಎಂದಮೇಲೆ, ನಿನ್ನೆ ಸಂಜೆ ಮಕ್ಕಳಿಬ್ಬರೂ ಪಾಠ ಬರೆಯುತ್ತಿದ್ದಾಗ ಅದೇ ಮೇಜಿನ ತುದಿಯಲ್ಲಿ ಕೂತು ಅವಳು ಅದನ್ನು ಬರೆದಿದ್ದಳು. ಬರೆಯುವಾಗ ತಪ್ಪೆನಿಸಿರಲಿಲ್ಲ. ವಾಕ್ಯದಲ್ಲಿ ಸುಳ್ಳೇನೂ ಇರಲಿಲ್ಲವಲ್ಲ. ಈಗ ಸುಮ್ಮನೆ ಯಾವುದೋ ಬೀದಿಯ ಹೆಸರು ಹೇಳಿದರೆ ಮುಗಿಯಿತು. ಮೇಷ್ಟ್ರು ಯಾವ ದರ್ಜಿಯನ್ನೂ ಹುಡುಕಿಕೊಂಡು ಹೋಗುವವರಲ್ಲ.

"ದರ್ಜಿ ಅಲ್ಲ ಸರ್, ನಾನೇ," ಎಂದಳು. "ಅದು ನನ್ನ ಮಾತು."

ಮೇಷ್ಟ್ರು ಆ ಚೀಟಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಸುಳ್ಳು ಚೀಟಿ ಬರೆದವರನ್ನ ಮನೆಗೆ ಕಳಿಸಬೇಕು ಅಂತ ನಿಯಮ ಇದೆ," ಎಂದರು. "ತಾವೇ ಬಾಯಿಬಿಟ್ಟು ಹೇಳಿದವರನ್ನ ಏನು ಮಾಡಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಹನ್ನೆರಡಕ್ಕೆ ಪ್ರೆಸ್ಸಿನವರು ಬರ್ತಾರೆ. ಅಷ್ಟರೊಳಗೆ ನಿಜವಾದ ಚೀಟಿ ತಂದರೆ ಜಾಗ ನಿಮ್ಮದೇ. ಇಲ್ಲದಿದ್ರೆ ಆ ದರಿದ್ರ ನಿರ್ವಹಿಸುನೇ ಹಾಕ್ತೀನಿ, ಜಾಗಕ್ಕೆ ಜಾಹೀರಾತು ಕೊಡ್ತೀನಿ."

ಹನ್ನೊಂದೂಕಾಲು ಆಗಿತ್ತು. ಅತ್ತರೆ ಹತ್ತು ನಿಮಿಷ ದಂಡ ಎಂದುಕೊಂಡು ಚೀಟಿಯಕ್ಕ ಖಾಲಿ ಚೀಟಿ, ಪೆನ್ಸಿಲ್ಲು ತೆಗೆದುಕೊಂಡು ಮೆಟ್ಟಿಲಿಳಿದಳು. ಬಾಗಿಲಲ್ಲಿದ್ದ ಕಾವಲಿನವನನ್ನು ಕೇಳಿದಳು. ಅವನು ಮನೆ ವಿಷಯವೆಲ್ಲ ಹೆಂಡತಿಗೇ ಗೊತ್ತು ಎಂದ. ಅಂಚೆಯ ಹೆಂಗಸು ನಿಲ್ಲಲೇ ಇಲ್ಲ. ಹನ್ನೊಂದೂವರೆಗೆ ಎದುರಿನ ಕ್ಯಾಂಟೀನಿನ ಹಿಂಬದಿಗೆ ಹೋದಳು. ಅಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಮೊಣಕೈವರೆಗೆ ನೊರೆ ಮಾಡಿಕೊಂಡು ತಟ್ಟೆಗಳನ್ನು ತೊಳೆಯುತ್ತಿದ್ದಳು.

"ಮನೇಲಿ ಎಷ್ಟು ಜನ ನೀವು?" ಚೀಟಿಯಕ್ಕ ತೊಳೆದ ತಟ್ಟೆಗಳನ್ನು ಒರೆಸಿಡುತ್ತ ಕೇಳಿದಳು. ಸುಮ್ಮನೆ ನಿಂತು ಕೇಳಿದರೆ ಯಾರೂ ಮಾತಾಡುವುದಿಲ್ಲವೆಂದು ಈ ಎರಡು ವಾರದಲ್ಲಿ ಕಲಿತಿದ್ದಳು.

"ಐದು ಜನ ಅಕ್ಕಾ. ಮೂರು ಮಕ್ಕಳು, ನಮ್ಮತ್ತೆ, ನಾನು. ಅತ್ತೆಗೆ ಕಣ್ಣು ಕಾಣಲ್ಲ. ಬಾಯಿ ಚೆನ್ನಾಗಿದೆ."

"ಯಜಮಾನರು?"

"ಇದಾರೆ, ಬೇರೆ ಊರಲ್ಲಿ. ಬೇರೆಯವರ ಯಜಮಾನರಾಗಿ." ಅವಳೇ ಮೊದಲು ನಕ್ಕಳು.

"ಮತ್ತೆ ಮನೆ?"

"ಮನೆಗೇನು, ಇದೆ." ಅವಳು ಇನ್ನೊಂದು ತಟ್ಟೆ ಎತ್ತಿಕೊಂಡಳು. ದೊಡ್ಡವಳ ಪರೀಕ್ಷೆಯ ಮಾತಾಯಿತು, ಅತ್ತೆಯ ಕೋಲಿನ ಮಾತಾಯಿತು, ಸೋರುವ ಮೂಲೆಯ ಮಾತಾಯಿತು. ಬೇಕಾದ ಮಾತು ಮಾತ್ರ ಬರಲಿಲ್ಲ. ಒಳಗೆ ಗೋಡೆ ಗಡಿಯಾರ ಹನ್ನೆರಡಕ್ಕೆ ಹದಿನೈದು ನಿಮಿಷ ಎನ್ನುತ್ತಿತ್ತು. 'ತೂಗಿಸ್ತಾ ಇದೀರಾ' ಎಂದು ಒಂದೇ ಒಂದು ಸಲ ಕೇಳಿಬಿಟ್ಟರೆ ಹೂಂ ಎನ್ನುತ್ತಾಳೆ. ಮಾತು ತುಟಿಯ ತನಕ ಬಂದಿತ್ತು. ಚೀಟಿಯಕ್ಕ ಅದನ್ನು ನುಂಗಿಕೊಂಡು ಮತ್ತೊಂದು ತಟ್ಟೆ ಒರೆಸಿದಳು.

"ಒಬ್ಬರೇ ಇಷ್ಟೆಲ್ಲ ಹೇಗೆ?" ಎಂದಷ್ಟೇ ಕೇಳಿದಳು.

"ಹೇಗೆ ಅಂದ್ರೆ?" ಆ ಹೆಂಗಸು ಬೆನ್ನು ನೆಟ್ಟಗೆ ಮಾಡಿದಳು. "ಎಳೀತಾ ಇದೀನಿ ಅಕ್ಕಾ, ಸಂಸಾರಾನ. ಮತ್ತೇನು ಮಾಡೋದು?"

ಚೀಟಿಯಕ್ಕನಿಗೆ ಮೊದಲು ಆದದ್ದು ನಿರಾಸೆಯೇ. ತೂಗಿಸುವುದು ಅವಳ ಮುದ್ದಿನ ಮಾತು. ಒಂಬತ್ತು ವರ್ಷ ನೆಂಟರ ಮುಂದೆ, ಮಕ್ಕಳ ಮುಂದೆ, ಕನ್ನಡಿಯ ಮುಂದೆ ಹೇಳಿಕೊಂಡದ್ದು. ಹಾಗೆಂದರೆ ಎಲ್ಲವೂ ಸಮನಾಗಿದೆ, ಏನೂ ಚೆಲ್ಲಿಲ್ಲ ಎಂದಂತೆ. ಅವಳೂ ಎಳೆದೇ ಬಂದಿದ್ದಳು. ಬಸ್ಸು ತಪ್ಪಿದ ದಿನಗಳಲ್ಲಿ, ಇಬ್ಬರೂ ಮಕ್ಕಳಿಗೆ ಒಟ್ಟಿಗೆ ಜ್ವರ ಬಂದ ವಾರದಲ್ಲಿ ಎಳೆದದ್ದನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೇ. ತಟ್ಟೆ ಕೆಳಗಿಟ್ಟು ಚೀಟಿ ತೆಗೆದಳು.

"ಏನದು ಬರ್ಕೊಳ್ತಾ ಇರೋದು?"

"ನೀವು ಹೇಳಿದ್ದು. ಪುಸ್ತಕಕ್ಕೆ."

"ನನ್ನ ಮಾತಾ?" ಅವಳು ತಮಾಷೆಯೇನೋ ಎಂದು ಒಂದು ಕ್ಷಣ ನೋಡಿದಳು. ಚೀಟಿಯಕ್ಕ ನಗುತ್ತಿರಲಿಲ್ಲ. "ಹಾಗಾದ್ರೆ ಪೂರ್ತಿ ಬರ್ಕೊಳ್ಳಿ. ಎಳೀತಾ ಇದೀನಿ, ಕೈ ಬಿಟ್ಟಿಲ್ಲ. ಅದೂ ಬರೀರಿ."

"ಬರೀತೀನಿ."

ತಟ್ಟೆಗಳ ರಾಶಿಯ ಮೇಲೆ ಚೀಟಿಯಿಟ್ಟು ಅವಳು ಒಂದೊಂದೇ ಅಕ್ಷರ ಬರೆದಳು. ಕೆಳಗೆ ಕಸುಬು ಬರೆದಳು, ತಾರೀಕು ಬರೆದಳು. ಕಾಗದದ ಮೇಲೆ ನೀರು ಸಿಡಿಯಬಾರದೆಂದು ಆ ಹೆಂಗಸು ನಲ್ಲಿ ನಿಲ್ಲಿಸಿ, ನೊರೆಯ ಕೈಗಳನ್ನು ಹಿಂದಕ್ಕೆ ಹಿಡಿದು, ಪೆನ್ಸಿಲಿನ ತುದಿಯನ್ನೇ ನೋಡುತ್ತ ನಿಂತಿದ್ದಳು.