ಗುರ್ ಅನ್ನದ ಗಂಟಲು

ನಾನು ಉಕ್ಕಿನ ಒಂದು ಸರಪಳಿ, ನಾಯಿಯ ಕೊರಳಿಗೆ ಹಾಕುವಂಥದ್ದು. ಎರಡು ತುದಿಗೂ ಒಂದೊಂದು ಬಳೆ. ಒಂದು ಬಳೆಯೊಳಗಿಂದ ನನ್ನ ಮೈಯನ್ನೇ ತೂರಿಸಿದರೆ ಕುಣಿಕೆಯಾಗುತ್ತೇನೆ. ಎಳೆದರೆ ಬಿಗಿಯುತ್ತೇನೆ, ಬಿಟ್ಟರೆ ಸಡಿಲಾಗುತ್ತೇನೆ. ನನ್ನನ್ನು ಬೆಸೆದ ಯಂತ್ರಕ್ಕೆ ಈ ಎರಡೂ ಕೆಲಸ ಗೊತ್ತಿದ್ದವು. ಕೊಂಡವರಿಗೆ ಮೊದಲನೆಯದಷ್ಟೇ ಗೊತ್ತಿತ್ತು.

ಗದಗಿನ ಅಂಗಡಿಯೊಂದರಲ್ಲಿ ಹಗ್ಗ, ಗೆಜ್ಜೆ, ಮೂಗುದಾರಗಳ ನಡುವೆ ಮೊಳೆಗೆ ತೂಗಿಬಿದ್ದಿದ್ದೆ. ಪಕ್ಕದಲ್ಲಿ ಪುಟ್ಟ ಗಂಟೆಯ ಕೆಂಪು ಪಟ್ಟಿ. ತಾನು ಬೆಕ್ಕಿನ ಕೊರಳಿಗೆಂದೇ ಹುಟ್ಟಿದ್ದೆಂದು ಬೀಗುತ್ತಿತ್ತು. ಕಟ್ಟುವವರು ಯಾರೆಂದು ಲೋಕ ಇನ್ನೂ ಕೇಳುತ್ತಲೇ ಇದೆಯೆಂಬುದು ಅದಕ್ಕೆ ತಿಳಿದಿರಲಿಲ್ಲ. ನನ್ನನ್ನು ಮೊದಲು ಕೊಂಡವರು ಒಬ್ಬ ಗುತ್ತಿಗೆದಾರರು. ಅವರ ನಾಯಿ ಕರುವಿನಷ್ಟು ದೊಡ್ಡದು. ನಾನು ಕಿವಿ ದಾಟಿ ಕೆಳಗಿಳಿಯಲೇ ಇಲ್ಲ. ಕೆಲವು ದಿನ ಜೀಪಿನ ಕನ್ನಡಿಗೆ ಜೋತುಬಿದ್ದು ಊರು ನೋಡಿದೆ. ಅಷ್ಟರಲ್ಲಿ ತಮ್ಮ ಹಳೆಯ ಮಾಸ್ತರರು ನಾಯಿಮರಿ ತಂದಿದ್ದಾರೆಂದು ಗುತ್ತಿಗೆದಾರರಿಗೆ ತಿಳಿಯಿತು. ನಾನು ಗುರುಕಾಣಿಕೆಯಾದೆ.

ಅಡಿವೆಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟವರು. ನಿವೃತ್ತರಾದ ಮೇಲೆ ಸಾಲಾಗಿ ನಿಲ್ಲಿಸಲು ಅವರಿಗೆ ಯಾರೂ ಉಳಿದಿರಲಿಲ್ಲ. ಮನೆಯಲ್ಲಿ ಹೆಂಡತಿ ನೀಲವ್ವ, ಸೊಸೆ ಶೈಲಾ, ತೊಟ್ಟಿಲಲ್ಲಿ ಮೊಮ್ಮಗಳು. ಮಗನಿಗೆ ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸ. ವಾರಕ್ಕೊಮ್ಮೆ ಬಂದು, ಅಪ್ಪ ಹೇಳಿದ್ದಕ್ಕೆಲ್ಲ ಹ್ಞೂಂ ಎಂದು ಹೋಗುತ್ತಿದ್ದ. ಆ ಮನೆಯಲ್ಲಿ ಮಾಸ್ತರರಿಗೆ ಎದುರಾಡುವ ಪದ್ಧತಿಯೇ ಇರಲಿಲ್ಲ. ಪದ್ಧತಿ ಇನ್ನೂ ತಿಳಿಯದವನು ಆ ನಾಯಿಮರಿ ಒಬ್ಬನೇ. ಅವನಿಗೆ ಮೇಜರ್ ಎಂದು ಹೆಸರಿಟ್ಟಿದ್ದರು.

ಕೊರಳಲ್ಲಿರುವವರಿಗೆ ನಾಯಿಯ ಮಾತು ಬಾಯಿಗೆ ಬರುವ ಮೊದಲೇ ತಿಳಿಯುತ್ತದೆ. ಬೊಗಳು ಹೊಟ್ಟೆಯಿಂದ ಏರಿಬಂದು ನನ್ನನ್ನು ಒದೆಯುತ್ತದೆ. ಗುರ್ ಎನ್ನುವುದು ಹಾಗಲ್ಲ. ಬೀಸುವ ಕಲ್ಲು ತಿರುಗಿದಂತೆ ನನ್ನ ಅಡಿಯಲ್ಲೇ ಹುಟ್ಟುತ್ತದೆ. ಜನ ಅದನ್ನು ಬೈಗುಳವೆಂದು ತಿಳಿದಿದ್ದಾರೆ. ಅದು ‘ಅಲ್ಲೇ ನಿಲ್ಲು, ಮುಂದಿನದು ನನ್ನ ಕೈಯಲ್ಲಿಲ್ಲ’ ಎಂಬ ಮಾತು. ನಾಯಿಯ ಬಳಿ ಇರುವ ಕಟ್ಟಕಡೆಯ ಸಭ್ಯ ಮಾತು.

ಮೇಜರ್ ಅದನ್ನು ಮೊದಲು ಆಡಿದ್ದು ನೀಲವ್ವ ಅವನ ಮುಂದಿನ ಬಟ್ಟಲನ್ನು ಸರಿಸಿದಾಗ. ಮಾಸ್ತರರು ನನ್ನನ್ನು ಜಗ್ಗಿದರು.

“ಉಂಡ ಮನಿಯಾಗ ಹಲ್ಲ ತೋರಸ್ತಿ? ಮಗನ, ದೊಡ್ಡವರ ಮುಂದ ಸೊಲ್ಲ ಎತ್ತಬಾರದು!”

ನಾನು ಅವನ ಗಂಟಲು ಹಿಚುಕಿದೆ, ಮಾತು ಅಲ್ಲೇ ನಿಂತಿತು. ಮರುದಿನ ಮಾಸ್ತರರೇ ಬೇಕೆಂದು ಬಟ್ಟಲು ಸರಿಸಿದರು. ಮತ್ತೆ ಗುರ್, ಮತ್ತೆ ನಾನು. ಹೀಗೆ ದಿನವೂ ಪಾಠ ನಡೆಯಿತು. ಮಳೆಗಾಲ ಮುಗಿಯುವುದರೊಳಗೆ ಮೇಜರ್ ಪಾಠ ಕಲಿತ. ಸದ್ದು ಹೋಯಿತು, ನಡುಕ ಮಾತ್ರ ಉಳಿಯಿತು. ಆಮೇಲೆ ನಡುಕವೂ ಹೋಯಿತು. ಯಾರಾದರೂ ಬಟ್ಟಲಿನ ಬಳಿ ಬಂದರೆ ಕೊರಳು ಕಲ್ಲಿನಂತೆ ಬಿಗಿಯುತ್ತಿತ್ತು, ಅಷ್ಟೇ. ನಡುಕಕ್ಕಿಂತ ನನಗೆ ಆ ಕಲ್ಲಿನದೇ ಭಯ.

ಮಾಸ್ತರರು ಬೀಗಿದರು. ಪಕ್ಕದ ಮನೆಯ ಗುರುಶಾಂತಪ್ಪ ಗೇಟಿನಿಂದಲೇ ಕೂಗುತ್ತಿದ್ದರು: “ಏನ್ರೀ ಮಾಸ್ತರ, ನಿಮ್ಮ ನಾಯಿ ಮೂಕ ಆತೇನ್ರಿ? ನಮ್ಮ ಅಳಿಯಾನ್ನೂ ಒಂದು ತಿಂಗಳ ನಿಮ್ಮ ಕಡೆ ಬಿಡ್ತೇನಿ, ಹಿಂಗ ಮಾಡಿ ಕೊಡ್ರಿ.”

ಮೊಮ್ಮಗಳು ತೊಟ್ಟಿಲಿನಿಂದ ನೆಲಕ್ಕಿಳಿದಳು. ಅಂಬೆಗಾಲಿಟ್ಟು ಮೊದಲು ಹೋದದ್ದು ಪಡಸಾಲೆಯ ಕಿಟಕಿಯ ಕಡೆಗೆ. ಅಲ್ಲಿ ಸರಳಿಗೆ ಹಗ್ಗದಿಂದ ಮೇಜರನನ್ನು ಕಟ್ಟುತ್ತಿದ್ದರು. ಕೂಸು ಬಂದರೆ ಅವನು ಎದ್ದು ದೂರಕ್ಕೆ, ಹಗ್ಗದ ಕೊನೆಯವರೆಗೆ ಹೋಗುತ್ತಿದ್ದ. ಅದರಾಚೆಗೆ ಹೋಗಲು ಅವನಿಗೆ ಜಾಗವಿರಲಿಲ್ಲ. ಮುಖ ಆ ಕಡೆ ತಿರುಗಿಸುತ್ತಿದ್ದ, ಮೂತಿ ನೆಕ್ಕಿಕೊಳ್ಳುತ್ತಿದ್ದ, ಹಗಲಲ್ಲೇ ಬಾಯಿ ತೆರೆದು ಆಕಳಿಸುತ್ತಿದ್ದ. ಇದನ್ನು ನೋಡಿದವಳು ಶೈಲಾ ಒಬ್ಬಳೇ.

“ಅತ್ತಿ, ಕೂಸು ಹತ್ತಿರ ಹೋದ್ರ ಅದರ ಕಣ್ಣು ಬ್ಯಾರೆ ಆಗ್ತಾವ. ಬಿಳೇದು ಕಾಣಸ್ತೈತಿ. ಮಾವಾರಿಗೆ ಒಂದು ಮಾತು ಹೇಳ್ರಿ.”

“ನಿದ್ದಿ ಬಂದಿರತೈತಿ ತಗೋ. ಮಾವಾರಿಗೆ ತಿಳಿಯಂಗಿಲ್ಲೇನ? ನಾಯಿನ ಸುಮ್ಮನೈತಿ, ನಿಂದೇನವಾ?” ಎಂದರು ನೀಲವ್ವ. ಶೈಲಾ ರೊಟ್ಟಿ ಬಡಿಯಲು ಹೋದಳು. ಅಂದಿನಿಂದ ಕೂಸು ಎಲ್ಲಿದ್ದರೆ ಅವಳ ಒಂದು ಕಣ್ಣು ಅಲ್ಲಿ. ರೊಟ್ಟಿ ಬಡಿಯುವ ಸದ್ದು ನಡುನಡುವೆ ನಿಲ್ಲುತ್ತಿತ್ತು.

ಒಂದು ಭಾನುವಾರ ಗುರುಶಾಂತಪ್ಪ ಚಹಾಕ್ಕೆ ಬಂದರು. ಮನೆಯಲ್ಲಿ ಗೋದಿ ಹುಗ್ಗಿ. ಮೇಜರನ ಬಟ್ಟಲಿಗೂ ಬಿದ್ದಿತ್ತು. ಅವನ ಪ್ರಾಣ ಆ ಬಟ್ಟಲಲ್ಲಿತ್ತು.

“ಶಿಸ್ತು ಅಂದ್ರ ಏನಂತ ನೋಡ್ರಿ ಇಲ್ಲೆ,” ಎಂದು ಮಾಸ್ತರರು ಕೂಸನ್ನು ಎತ್ತಿ ತಂದು ಬಟ್ಟಲಿನ ಪಕ್ಕದಲ್ಲೇ ಕೂರಿಸಿದರು. “ಉಣ್ಣೂ ಮುಂದ ಮುಟ್ಟಿದ್ರೂ ಗುರ್ ಅನ್ನಂಗಿಲ್ಲ. ಪುಟ್ಟಿ, ಹುಗ್ಗಿ ತಗೋ!”

ಕೂಸು ಕೈ ಚಾಚಿತು. ಮೇಜರ್ ತಿನ್ನುವುದನ್ನು ನಿಲ್ಲಿಸಿದ. ನುಂಗಲಿಲ್ಲ, ಉಸಿರಾಡಲಿಲ್ಲ. ನಾನು ಅವನ ಕೊರಳಲ್ಲಿ ಒಂದು ಗುರ್‌ಗಾಗಿ ಕಾದೆ. ಬರಲಿಲ್ಲ.

“ಮಾವಾರ, ಕೂಸಿನ್ನ ತಗೀರಿ!”

ಆ ಮನೆಯಲ್ಲಿ ಅಷ್ಟು ದೊಡ್ಡ ಹೆಣ್ಣುದನಿಯನ್ನು ನಾನು ಕೇಳಿರಲಿಲ್ಲ. ಮಾಸ್ತರರು ಕೂಸನ್ನು ಬಿಟ್ಟು ಸೊಸೆಯ ಕಡೆ ತಿರುಗಿದರು, ಗದರಿಸಲು. ಅವಳ ಕೈಲಿದ್ದ ಚಹಾದ ಬಟ್ಟಲುಗಳು ನೆಲಕ್ಕೆ ಬಿದ್ದವು. ಶೈಲಾ ಒಂದು ಕೈಯಿಂದ ಕೂಸನ್ನು ಎಳೆದುಕೊಂಡಳು. ಇನ್ನೊಂದು ಕೈ, ಕೂಸಿನ ಮುಖ ಇದ್ದ ಜಾಗದಲ್ಲಿತ್ತು. ಮೇಜರನ ಹಲ್ಲು ಆ ಕೈಯನ್ನು ಹಿಡಿಯಿತು.

ಆಸ್ಪತ್ರೆ, ಇಂಜೆಕ್ಷನ್ನು, ಹೊಲಿಗೆ ಎಲ್ಲ ಆಯಿತು. ನೋಡಲು ಬಂದ ಓಣಿಯವರದೆಲ್ಲ ಒಂದೇ ಮಾತು: ಹೇಳಲಿಲ್ಲ ಕೇಳಲಿಲ್ಲ, ಸುಮ್ಮನಿದ್ದದ್ದು ಹಿಡೀತಂತ. ಗುರುಶಾಂತಪ್ಪ ಗೇಟಿನಲ್ಲಿ ನಿಂತು ಮೇಜರನಿಗೇ ಬುದ್ಧಿ ಹೇಳಿದರು: “ಒಂದು ಸಲ ಗುರ್ ಅಂತನರ ಅನಬೇಕಿತ್ತಲ್ಲೋ, ಹುಚ್ಚಪ್ಯಾಲಿ!”

ಕೆಲವು ದಿನಗಳ ಮೇಲೆ ಅಣ್ಣಿಗೇರಿ ಕಡೆಯ ಒಬ್ಬ ಅಂಗಡಿಕಾರರು ನಾಯಿ ಒಯ್ಯಲು ಬಂದರು. ಮಾಸ್ತರರೇ ಹೇಳಿಕಳುಹಿಸಿದ್ದರು. ಬಂದವರು ದೂರದಿಂದ ನೋಡಿ ಕೇಳಿದರು: “ಗುಣ ಹೆಂಗ್ರಿ? ಮನ್ಯಾಗ ಎರಡು ಸಣ್ಣ ಹುಡುಗರದಾವು.”

ಮಾಸ್ತರರು ನನ್ನ ಕಡೆ ನೋಡಿದರು. “ಗುರ್ ಅನ್ನೂದ ಗೊತ್ತಿಲ್ಲ ಇದಕ್ಕ,” ಎಂದರು.

ಅದು ಸುಳ್ಳಲ್ಲ. ಅಂಗಡಿಕಾರರು ಸಮಾಧಾನದಿಂದ ಹಗ್ಗ ಬಿಚ್ಚಲು ಬಗ್ಗಿದರು. ಬಾಗಿಲ ಹಿಂದಿನಿಂದ ಶೈಲಾ ಹೊರಗೆ ಬಂದಳು, ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು.

“ಒಯ್ಯಬ್ಯಾಡ್ರಿ. ಇದು ಕಚ್ಚತೈತಿ. ಮೊದಲ ಗುರ್ ಅಂತಿತ್ತು, ಅದನ್ನ ನಾವ ಬಿಡಿಸೇವಿ.”

“ಶೈಲಾ!” ಎಂದರು ಮಾಸ್ತರರು.

“ಹೌದಲ್ರಿ ಮಾವಾರ? ಅವರ ಮನ್ಯಾಗೂ ಕೂಸದಾವು.”

ಅಂಗಡಿಕಾರರು ಒಮ್ಮೆ ಕೈಯನ್ನು, ಒಮ್ಮೆ ಮಾಸ್ತರರನ್ನು ನೋಡಿ ಚಪ್ಪಲಿ ಮೆಟ್ಟಿದರು. ಮಾಸ್ತರರು ಒಳಗೆ ಹೋದರು. ಸೊಸೆಯೊಡನೆ ಬಹಳ ದಿನ ಮಾತಾಡಲಿಲ್ಲ.

ಶೈಲಾ ನನ್ನನ್ನು ಬಿಚ್ಚಿ ಹಿತ್ತಿಲ ಬಾಗಿಲ ಹಿಂದಿನ ಮೊಳೆಗೆ ಹಾಕಿದಳು. ಮೇಜರ್ ಹಿತ್ತಿಲಿಗೆ ಹೋದ. ನಡುವೆ ಹಲಗೆಯ ಅಡ್ಡಬಾಗಿಲು ಬಂತು. ಅವನು ಉಣ್ಣುವಾಗ ಅವಳು ದೂರದಿಂದಲೇ ಒಂದು ರೊಟ್ಟಿ ಚೂರು ಬಟ್ಟಲಿಗೆ ಎಸೆದು, ನಿಲ್ಲದೆ ಹೋಗುತ್ತಿದ್ದಳು. ಬಳಿ ಬರುವ ಮನುಷ್ಯ ಕಸಿಯಲಿಕ್ಕಷ್ಟೇ ಬರುವುದಿಲ್ಲ ಎಂಬುದು ಅವನಿಗೆ ಕಲಿಸಬೇಕಿದ್ದ ಪಾಠ. ಅದಕ್ಕೆ ಬಹಳ ಕಾಲ ಹಿಡಿಯಿತು.

ಒಂದು ಬೆಳಿಗ್ಗೆ ಕೂಸು ಹಲಗೆಗಳ ಸಂದಿಯಲ್ಲಿ ಬೆರಳು ತೂರಿಸಿತು. ಆಚೆಯಿಂದ ಸಣ್ಣದೊಂದು ಸದ್ದು ಬಂತು, ಬೀಸುವುದನ್ನು ಮರೆತ ಕಲ್ಲು ಮತ್ತೆ ತಿರುಗಿದಂತೆ. ನೀಲವ್ವ ನಿಂತಲ್ಲೇ ನಿಂತರು. ಮಾಸ್ತರರು ದಡಬಡ ಬಂದು ಮೊಳೆಯಿಂದ ನನ್ನನ್ನು ಕಿತ್ತುಕೊಂಡರು. ಶೈಲಾ ಅವರ ಮುಂದಿನಿಂದಲೇ ಹೋಗಿ ಕೂಸನ್ನು ಎತ್ತಿಕೊಂಡು ಹಲಗೆಯಾಚೆ ಹೇಳಿದಳು: “ಆತಪಾ, ತಿಳೀತು.”

ಸದ್ದು ತಾನಾಗಿ ನಿಂತಿತು.

ಮಾಸ್ತರರು ನನ್ನನ್ನು ಮತ್ತೆ ಮೊಳೆಗೆ ಹಾಕಲಿಲ್ಲ. ಬಚ್ಚಲಮನೆಯ ಹಿಂದೆ ತೂತು ಬಕೀಟು, ಮುರಿದ ಒಲೆ ಇರುವಲ್ಲಿಗೆ ಎಸೆದರು. ಅಲ್ಲೇ ಇದ್ದೇನೆ, ತುಕ್ಕು ಹಿಡಿಯುತ್ತ. ಹಿತ್ತಿಲಿನಿಂದ ಆಗಾಗ ಗುರ್ ಕೇಳಿಸುತ್ತದೆ. ಯಾರೋ ಹಿಂದೆ ಸರಿಯುವ ಹೆಜ್ಜೆಯೂ ಕೇಳಿಸುತ್ತದೆ. ಆ ದಿನ ನನಗೆ ನೆಮ್ಮದಿ. ಕೆಲವು ದಿನ ಏನೂ ಕೇಳಿಸುವುದಿಲ್ಲ. ಎಷ್ಟು ಒಳ್ಳೆಯ ನಾಯಿ, ಎಷ್ಟು ಸುಮ್ಮನಿದೆ ಎಂದು ಓಣಿಯಲ್ಲಿ ಹೋಗುವವರು ಮಾತಾಡಿಕೊಳ್ಳುತ್ತಾರೆ. ಅಂಥ ದಿನ ನಾನು ಕೂಸಿನ ದನಿ ಎಲ್ಲಿಂದ ಬರುತ್ತಿದೆಯೆಂದು ಕಿವಿಗೊಟ್ಟು ಕಾಯುತ್ತೇನೆ.